ಮೂರು ಊರಿನ ಮೇಲೆ ಹಾದ ನೆರಳು

ಆ ನಕ್ಷೆ ಬಂದ ಹೊತ್ತಿಗೆ ನಾನು ಹೈದರಾಬಾದಿನ ನಮ್ಮ ಸಂಸ್ಥೆಯಲ್ಲಿ ಯಾವುದೋ ಸಮಿತಿಗೆ ವರದಿ ಬರೆಯುತ್ತ ಕೂತಿದ್ದೆ. ಒಂದು ಪುಟ ಬರೆಯುವುದು, ಅದನ್ನೇ ಮೂರು ಸಲ ಓದುವುದು, ಏನು ಬರೆದಿದ್ದೇನೆಂದು ತಿಳಿಯದೆ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುವುದು. ಆ ವರ್ಷ ನನ್ನ ಹೆಚ್ಚಿನ ದಿನಗಳು ಹೀಗೇ ಕಳೆದಿದ್ದವು.

ನಕ್ಷೆ ಕಳಿಸಿದವರು ದೂರದೇಶದ ಒಬ್ಬ ಸಹೋದ್ಯೋಗಿ. ನೆಪ್ಚೂನ್ ಗ್ರಹದ ಆಚೆ ಸೂರ್ಯನ ಸುತ್ತ ತಿರುಗುವ ಹಿಮದ ಪುಟ್ಟ ಲೋಕಗಳಿವೆ. ಎಷ್ಟೋ ಧೂಮಕೇತುಗಳು ಹೊರಡುವುದು ಆ ಕಡೆಯಿಂದಲೇ. ಅಂಥ ಒಂದು ಲೋಕ ಜನವರಿಯ ಒಂದು ಸಂಜೆ ಒಂದು ನಕ್ಷತ್ರದ ಮುಂದೆ ಹಾದುಹೋಗಲಿದೆ, ಆಗ ಅದರ ನೆರಳು ಭೂಮಿಯ ಮೇಲೆ ಪಟ್ಟಿಯಂತೆ ಸರಿಯಲಿದೆ ಎಂದು ಅವರು ಲೆಕ್ಕ ಹಾಕಿದ್ದರು. ನೆರಳಿನ ದಾರಿಯಲ್ಲಿ ನಿಂತವರಿಗೆ ಆ ನಕ್ಷತ್ರ ಕೆಲವು ಸೆಕೆಂಡು ಆರಿಹೋಗಿ ಮತ್ತೆ ಹೊತ್ತಿಕೊಳ್ಳುತ್ತದೆ. ಎಷ್ಟು ಹೊತ್ತು ಆರಿತ್ತು ಎಂಬುದರಿಂದ ಆ ಲೋಕದ ಗಾತ್ರ ಸಿಗುತ್ತದೆ. ಅಷ್ಟು ದೂರದ ವಸ್ತುವಿನ ಅಳತೆ ಹಿಡಿಯಲು ನಮಗಿರುವ ಒಳ್ಳೆಯ ಉಪಾಯ ಇದೇ: ದಾರಿಯಲ್ಲಿ ನಿಂತು ಕಾಯುವುದು.

ಪಟ್ಟಿ ಬಂಗಾಳ ಕೊಲ್ಲಿಯಿಂದ ಹತ್ತಿ ತೆಲಂಗಾಣ ದಾಟಿ ಕರ್ನಾಟಕದ ಮೇಲೆ ಹಾದು ಅರಬ್ಬಿ ಸಮುದ್ರಕ್ಕೆ ಇಳಿಯುತ್ತಿತ್ತು. ನಾನು ನಕ್ಷೆಯನ್ನು ದೊಡ್ಡದು ಮಾಡಿದೆ. ನಡುಗೆರೆ ಜಹೀರಾಬಾದಿನ ಮೇಲೆ. ಅದರ ಉತ್ತರಕ್ಕೆ, ಪಟ್ಟಿಯ ಒಳಗೇ, ನಾರಾಯಣಖೇಡ. ದಕ್ಷಿಣಕ್ಕೆ ತಾಂಡೂರು. ಜಗತ್ತಿನ ಯಾವ ಯಾವುದೋ ಮರುಭೂಮಿ, ಬೆಟ್ಟಗಳ ಮೇಲೆ ಹೋಗಿ ಇಂಥ ನೆರಳಿಗಾಗಿ ಕಾದವಳು ನಾನು. ಅದು ಈಗ ನಾನು ಹುಟ್ಟಿದ ನಾರಾಯಣಖೇಡಕ್ಕೇ ಬರುತ್ತಿತ್ತು. ಸಂತೋಷವಾಗಬೇಕಿತ್ತು. ನನಗೆ ಅನ್ನಿಸಿದ್ದು ಒಂದೇ: ಮತ್ತೆ ಪೆಟ್ಟಿಗೆ ಕಟ್ಟಬೇಕಲ್ಲ.

ನನ್ನ ದಣಿವಿನ ಬಗ್ಗೆ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಅದು ಬೇಸರವಲ್ಲ. ಬೇಸರವಾದವರು ಬೇರೇನಾದರೂ ಹುಡುಕಿಕೊಳ್ಳುತ್ತಾರೆ. ನನಗೆ ಬೇರೇನೂ ಬೇಕಾಗಿರಲಿಲ್ಲ. ಅದಕ್ಕೂ ಮುಂಚಿನ ಹಲವು ವರ್ಷ ನಾನು ಮತ್ತು ನನ್ನ ಜೊತೆಯವರು ಒಂದು ಉಪಕರಣ ಕಟ್ಟಿದ್ದೆವು. ಧೂಮಕೇತುವಿನ ಹತ್ತಿರ ಹೋಗುವ ನೌಕೆಯೊಂದರಲ್ಲಿ ಕೂತು, ಅದು ಉಗುಳುವ ಆವಿಯನ್ನು ಮೂಸಿ, ಯಾವ ಯಾವ ಹಿಮ ಅದರಲ್ಲಿದೆ ಎಂದು ಹೇಳಬೇಕಿದ್ದ ಉಪಕರಣ. ಅದಕ್ಕಾಗಿ ಪ್ರಯೋಗಾಲಯದಲ್ಲಿ ಬಟ್ಟಲಿನಷ್ಟು ಜಾಗದಲ್ಲಿ ಆ ದೂರದ ಚಳಿಯನ್ನು ಮಾಡಿ, ಅದರೊಳಗೆ ಹಿಮ ಬೆಳೆಸಿ, ಬೆಳಕು ಬಿಟ್ಟು ನೋಡುತ್ತಿದ್ದೆವು. ಮಗುವಿಗೆ ಜ್ವರ ನೋಡುವ ಹಾಗೆ ದಿನಾ ಅದರ ಚಳಿ ನೋಡುತ್ತಿದ್ದೆ. ಕೊನೆಗೆ ಆ ನೌಕೆಯ ಯೋಜನೆಯೇ ನಿಂತಿತು. ಯಾರದೂ ತಪ್ಪಲ್ಲ, ದೊಡ್ಡ ಕೆಲಸಗಳಲ್ಲಿ ಹಾಗಾಗುತ್ತದೆ. ಉಪಕರಣ ಒಂದು ಗಾಜಿನ ಕಪಾಟಿಗೆ ಹೋಯಿತು. ಸಂಸ್ಥೆ ನೋಡಲು ಬಂದ ಶಾಲೆಯ ಮಕ್ಕಳಿಗೆ ಅದನ್ನು ತೋರಿಸುತ್ತಿದ್ದರು.

ಆಮೇಲೆ ವಿದ್ಯಾರ್ಥಿಗಳು ಏನಾದರೂ ಹೊಸದನ್ನು ತಂದು ತೋರಿಸಿದರೆ "ಚೆನ್ನಾಗಿದೆ" ಅನ್ನುತ್ತಿದ್ದೆ. ಅದು ನಿಜವಾಗಿಯೂ ಚೆನ್ನಾಗಿಯೇ ಇರುತ್ತಿತ್ತು. ನನ್ನೊಳಗೆ ಮಾತ್ರ ಏನೂ ಅಲುಗುತ್ತಿರಲಿಲ್ಲ. ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಳ್ಳುತ್ತೇನೆಂದು ನಿರ್ದೇಶಕರಿಗೆ ಹೇಳಿದ್ದೆ. ಮನೆಯವರಲ್ಲಿ ಇದು ಗೊತ್ತಿದ್ದದ್ದು ನಾರಾಯಣಖೇಡದಲ್ಲಿರುವ ನನ್ನ ಅಕ್ಕನಿಗೆ ಮಾತ್ರ.

ಅಕ್ಕ ಅಲ್ಲಿನ ಕನ್ನಡ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಭಾವ ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾವಿಬ್ಬರೂ ಓದಿದ್ದು ಅದೇ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ ಉರ್ದು, ಕಚೇರಿಯಲ್ಲಿ ತೆಲುಗು. ಅಪ್ಪ ದನಗಳ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದ. ನಾನು ಹೈಸ್ಕೂಲಿನಲ್ಲಿದ್ದಾಗ, ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಆ ಪ್ರಸಿದ್ಧ ಧೂಮಕೇತು ಬಂತು. ಪೇಪರಿನಲ್ಲಿ ದಿನಾ ಅದರದೇ ಸುದ್ದಿ. ಕಲ್ಹೇರ್ ಕಡೆಯ ಹಳ್ಳಿಗೆ ಯಾವುದೋ ಎಮ್ಮೆಯ ಔಷಧಕ್ಕೆ ಹೋಗಬೇಕಿದ್ದ ಅಪ್ಪ ನಮ್ಮಿಬ್ಬರನ್ನೂ ಜೊತೆಗೆ ಕರೆದೊಯ್ದು, ನಸುಕಿನಲ್ಲಿ ಎಬ್ಬಿಸಿ ಹೊಲದಲ್ಲಿ ನಿಲ್ಲಿಸಿದ. ಊರಿನ ಕೆಲವರೂ ಬಂದಿದ್ದರು. ಬಹಳ ಹೊತ್ತು ಹುಡುಕಿದ ಮೇಲೆ ಉಗುರಿನಷ್ಟು ಮಸುಕು ಬೆಳಕೊಂದು ಕಂಡಿತು.

"ಇಷ್ಟೇ ಏನ್ರಿ? ಪೇಪರಿನಾಗ ಮಾರುದ್ದ ಬಾಲ ತೆಗದಿದ್ರು. ಇಲ್ಲಿ ನೋಡಿದ್ರ ಹತ್ತಿ ಎಳಿ ಹಂಗದ. ಇದಕ್ಕ ನಿದ್ದಿ ಕೆಡಿಸಿದ್ರಲ್ಲ!" ಎಂದು ಹೊಲದ ಯಜಮಾನ ಅಪ್ಪನ ಮೇಲೆ ರೇಗಿದ.

ಅಕ್ಕನಿಗೂ ನಿರಾಸೆಯಾಗಿತ್ತು. ನನಗೆ ಮಾತ್ರ ಅದು ಬಹಳ ದೂರ ನಡೆದುಬಂದು ದಣಿದವರ ಮುಖದ ಹಾಗೆ ಕಂಡಿತು. ಎಲ್ಲಿಂದ ಬಂತು, ಮತ್ತೆ ಎಲ್ಲಿಗೆ ಹೋಗುತ್ತದೆ ಎಂದು ದಾರಿಯುದ್ದಕ್ಕೂ ಅಪ್ಪನನ್ನು ಕೇಳಿದೆ. ಅಪ್ಪನಿಗೆ ಗೊತ್ತಿರಲಿಲ್ಲ. "ನೀನ ಓದಿ ನನಗ ಹೇಳು" ಅಂದ. ನನ್ನ ವೃತ್ತಿ ಶುರುವಾದದ್ದು ಅಲ್ಲಿಂದ ಎಂದು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ. ಹೇಳಿ ಹೇಳಿ ಅದೂ ಸವೆದುಹೋಗಿದೆ.

ನಕ್ಷೆಯ ವಿಷಯ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ಮಾತಿಗೆ ಮಾತು ಬಂದು, ಅಷ್ಟೇ. ನಮ್ಮ ತರುಣರೆಲ್ಲ ಅದೇ ವಾರ ಇದಕ್ಕಿಂತ ದೊಡ್ಡ ವೀಕ್ಷಣೆಯೊಂದಕ್ಕೆ ಉತ್ತರದ ಬೆಟ್ಟಗಳಿಗೆ ಹೊರಟಿದ್ದರು. ಈ ಚಿಕ್ಕ ಲೋಕದ ದಾರಿ ಅಷ್ಟು ಖಚಿತವಾಗಿಯೂ ಇರಲಿಲ್ಲ. ಲೆಕ್ಕ ಸ್ವಲ್ಪ ತಪ್ಪಿದರೂ ನೆರಳು ಪಕ್ಕಕ್ಕೆ ಸರಿದುಬಿಡುತ್ತದೆ. ಹಿಂದೆ ಎಷ್ಟೋ ಸಲ ಹಾಗಾಗಿತ್ತು. ನೆರಳು ಬರಲಿಲ್ಲ, ಇಲ್ಲವೇ ಮೋಡ ಬಂತು.

"ಅಂದ್ರ ಈ ಸಲ ಯಾರೂ ನೋಡಂಗಿಲ್ಲೇನು?" ಅಕ್ಕ ಕೇಳಿದಳು.

"ತಾಂಡೂರಿನಾಗ ನನ್ನ ಹಳೆ ವಿದ್ಯಾರ್ಥಿನಿ ಒಬ್ಬಾಕಿ ಇದ್ದಾಳ. ಕಾಲೇಜಿನಾಗ ಪಾಠ ಮಾಡ್ತಾಳ. ಆಕಿ ನೋಡ್ತೀನಿ ಅಂತಾಳ. ನಾ ಜಹೀರಾಬಾದಿಗೆ ಹೋಗಬಹುದು. ಇಬ್ಬರಿಂದ ಅಷ್ಟೇನು ಆಗೂದಿಲ್ಲ. ಬಿಡು."

"ಮತ್ತ ನಮ್ಮೂರ ಮ್ಯಾಲಿಂದನೂ ಹೋಗ್ತದ ಅಂದಿ?"

"ಹೋಗ್ತದ. ಅಲ್ಲಿ ಯಾರಿದ್ದಾರ ನೋಡೋರು?"

"ಯಾಕ, ನಾ ಸತ್ತೀನೇನು?"

"ಅಕ್ಕಾ, ನಿನ್ನ ಮೊಣಕಾಲು…"

"ಮೊಣಕಾಲಿಂದ ನೋಡೂದದ ಏನು? ಕಣ್ಣಿಂದ ಅಲ್ಲ? ಕಣ್ಣು ಮೊನ್ನೆರೆ ಆಪರೇಶನ್ ಆಗ್ಯಾವ. ನಿನ್ನಕಿಂತ ಛಲೋ ಕಾಣ್ತದ."

ಬೇಡ ಎನ್ನಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಆದದ್ದಾಗಲಿ ಎಂದು ಸಂಸ್ಥೆಯ ಮೂರು ಸಣ್ಣ ದೂರದರ್ಶಕಗಳನ್ನು ಕೇಳಿ ಪಡೆದೆ. ಅವು ತಾವೇ ಆಕಾಶದ ಗುರುತು ಹಿಡಿದು ಬೇಕಾದ ಕಡೆ ತಿರುಗುತ್ತವೆ. ಕಣ್ಣಿಟ್ಟು ನೋಡುವ ಜಾಗದಲ್ಲಿ ಕ್ಯಾಮೆರಾ ಇರುತ್ತದೆ. ಚಿತ್ರ ಲ್ಯಾಪ್‌ಟಾಪಿನಲ್ಲಿ ಬರುತ್ತದೆ, ಪಕ್ಕದಲ್ಲಿ ಉಪಗ್ರಹದಿಂದ ನಿಖರ ಸಮಯ ಹಿಡಿಯುವ ಪುಟ್ಟ ಡಬ್ಬಿ. ನೋಡುವವರು ಮಾಡಬೇಕಾದದ್ದು ಸ್ವಲ್ಪವೇ: ಸರಿಯಾದ ನಕ್ಷತ್ರ ಪರದೆಯ ನಡುವೆ ಇದೆಯೇ ಎಂದು ಖಚಿತ ಮಾಡಿಕೊಂಡು ದಾಖಲೆ ಶುರು ಮಾಡುವುದು, ಆಮೇಲೆ ಯಾವುದನ್ನೂ ಮುಟ್ಟದೆ ಸುಮ್ಮನೆ ಕೂರುವುದು.

ವಾರ ಮೊದಲು ಒಂದು ದೂರದರ್ಶಕ ತೆಗೆದುಕೊಂಡು ನಾರಾಯಣಖೇಡಕ್ಕೆ ಹೋದೆ. ತೊಗರಿ ರಾಶಿಯ ಕಾಲ. ಬಸ್ಸಿನ ನೆತ್ತಿಯ ಮೇಲೂ ಕಾಲ ಬುಡದಲ್ಲೂ ಚೀಲಗಳು. ಅಕ್ಕನಿಗೆ ಮಾಳಿಗೆ ಹತ್ತಲಾಗದು, ಹಾಗಾಗಿ ಅಂಗಳದಲ್ಲೇ ಮೂರು ಕಾಲಿನ ಸ್ಟ್ಯಾಂಡ್ ಊರಿದೆವು. ಬೇವಿನ ಮರದ ಒಂದು ಟೊಂಗೆ ಅಡ್ಡ ಬರುತ್ತಿತ್ತು. ಭಾವ ಏಣಿ ಹಾಕಿ ಕಡಿದರು. ಎದುರಿನ ಬೇಳೆ ವ್ಯಾಪಾರಿಯ ಗೋದಾಮಿನ ದೀಪ ಮಾತ್ರ ನಮ್ಮ ಅಂಗಳಕ್ಕೇ ಹೊಡೆಯುತ್ತಿತ್ತು. ಭಾವ ಹೋಗಿ ಆತನನ್ನು ಕೇಳಿದರು. ಆತ ವಿವರವನ್ನೂ ಕೇಳಲಿಲ್ಲ.

"ಕ್ಯಾ ಹೋತಾ ಜೀ, ಬಂದ್ ಕರ್ ದೇತೌಂ" ಅಂದು, ಆ ಸಂಜೆ ದೀಪ ಆರಿಸಲು ಒಪ್ಪಿಕೊಂಡ.

ಅಕ್ಕ ಕಲಿತ ರೀತಿ ನೋಡಬೇಕಿತ್ತು. ಶಾಲೆಗೆ ಬಂದ ಹೊಸ ಮಾಸ್ತರನನ್ನು ವಿಚಾರಿಸುವ ಹಾಗೆ ಲ್ಯಾಪ್‌ಟಾಪಿನ ಮುಂದೆ ಕೂತಳು. ನಕ್ಷತ್ರದ ಸುತ್ತ ಇರುವ ಬೇರೆ ಚುಕ್ಕಿಗಳಿಗೆ ತಾನೇ ಗುರುತು ಮಾಡಿಕೊಂಡಳು: ಇದು ನೊಗ, ಇದು ನೊಗದ ಕೆಳಗಿನ ಎತ್ತು, ಎತ್ತಿನ ಬಾಲದ ಹತ್ತಿರ ಇರುವುದು ನಮ್ಮದು. ಮೂರು ಸಂಜೆ ಅಭ್ಯಾಸ ಮಾಡಿದಳು. ನಾಲ್ಕನೆಯ ಸಲ ನನ್ನನ್ನು ಹತ್ತಿರ ಬರಗೊಡಲಿಲ್ಲ.

ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ಅವಳು ಕೇಳಿದಳು. "ಖರೇನ ಬಿಡ್ತಿ ಏನು ನೌಕರಿ?"

"ಹೂಂ."

"ಬಿಟ್ಟು ಏನ್ ಮಾಡ್ತಿ?"

"ಏನೂ ಮಾಡೂದಿಲ್ಲ. ಸಾಕಾಗ್ಯದ ಅಕ್ಕಾ."

ಅವಳು ಉಪದೇಶ ಮಾಡಲಿಲ್ಲ. "ಆತು, ಸಾಕಾಗ್ಯದಂದ್ರ ಬಿಡಬೇಕು" ಅಂದು, ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದಳು. ನನಗೆ ಅಷ್ಟು ಸುಲಭವಾಗಿ ಒಪ್ಪಿಗೆ ಸಿಕ್ಕಿದ್ದು ಅದೇ ಮೊದಲು. ಬೇರೆಯವರೆಲ್ಲ ಇನ್ನೂ ಎಷ್ಟು ಕೆಲಸ ಮಾಡಬಹುದು ಎಂದು ವಿವರಿಸಿ ನನ್ನನ್ನು ಇನ್ನಷ್ಟು ದಣಿಸಿದ್ದರು.

ನೆರಳು ಬರುವ ದಿನ ಮಧ್ಯಾಹ್ನ ನಾನು ಜಹೀರಾಬಾದಿನ ಹೆದ್ದಾರಿ ಬದಿಯ ಒಂದು ಲಾಡ್ಜಿನ ಮಾಳಿಗೆಯ ಮೇಲೆ ಸಾಮಾನು ಇಳಿಸಿದೆ. ಊರ ಹೊರಗೆ ಹೋಗಬೇಕಿತ್ತು. ಆದರೆ ಒಬ್ಬಳೇ ಹೆಂಗಸು ಯಾವುದೋ ಹೊಲದಲ್ಲಿ ಯಂತ್ರ ಇಟ್ಟುಕೊಂಡು ಕೂತರೆ ಕೇಳುವವರಿಗೆಲ್ಲ ಉತ್ತರ ಕೊಡಬೇಕಾಗುತ್ತದೆ. ಆ ಮಾತು ನನಗೆ ಬೇಡವಾಗಿತ್ತು. ಲಾಡ್ಜಿನ ಮ್ಯಾನೇಜರ್ ನೀರಿನ ಟ್ಯಾಂಕಿನ ಪಕ್ಕ ಜಾಗ ತೋರಿಸಿ, ಒಣಹಾಕಿದ ಚಾದರಗಳನ್ನು ತೆಗೆಸಿ, ಬೋರ್ಡಿನ ದೀಪ ಹಚ್ಚುವುದನ್ನು ತಡಮಾಡುತ್ತೇನೆಂದು ಮಾತು ಕೊಟ್ಟ.

ಕಬ್ಬು ನುರಿಸುವ ಕಾಲ. ಕಬ್ಬು ತುಂಬಿದ ಟ್ರಾಲಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಟ್ರ್ಯಾಕ್ಟರಿನವರು ಹಾಡು ಹಚ್ಚಿಕೊಂಡು ಹೋಗುವ ಅಬ್ಬರಕ್ಕೆ ಮಾಳಿಗೆಯೇ ಅದುರುತ್ತಿತ್ತು. ಪರದೆಯ ಮೇಲೆ ನಕ್ಷತ್ರಗಳೆಲ್ಲ ಒಟ್ಟಿಗೆ ಕುಣಿದು ಮತ್ತೆ ನಿಲ್ಲುತ್ತಿದ್ದವು. ತಪ್ಪು ಜಾಗ ಆರಿಸಿದ್ದೇನೆಂದು ಗೊತ್ತಾಯಿತು. ಬೇರೆ ಕಡೆ ಹೋಗಲು ಹೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಸೂರ್ಯ ಮುಳುಗಿ ಪೂರ್ತಿ ಕತ್ತಲಾಯಿತು. ತಾಂಡೂರಿನಿಂದ ವಿದ್ಯಾರ್ಥಿನಿಯ ಫೋನು ಬಂತು.

"ಮೇಡಂ, ಇಲ್ಲಿ ಕಲ್ಲು ಪಾಲಿಶ್ ಕಾರ್ಖಾನಿ ಧೂಳು ಭಾಳ ಅದರಿ. ದೂರದರ್ಶಕಕ್ಕ ಅರಬಿ ಮುಚ್ಚಿ ಇಟ್ಟೀನಿ. ಟೈಮಿಗೆ ತೆಗಿತೀನ್ರಿ."

"ಚುಕ್ಕಿ ಕಾಣ್ತದೇನು?"

"ಈಗ ಜರಾ ತೆಗದು ನೋಡಿದೆ, ಕಾಣ್ತದರಿ. ಜರಾ ಮಬ್ಬು ಅದ, ಆದ್ರ ಕಾಣ್ತದ."

ಅಕ್ಕನಿಗೂ ಫೋನು ಮಾಡಿದೆ. ಅವಳು ಮಾತಾಡಲು ಸಿದ್ಧಳಿರಲಿಲ್ಲ. "ಎಲ್ಲಾ ಬರೋಬರ್ ಅದ. ಇಡು ಫೋನು" ಅಂದಳು.

ನಾನು ದಾಖಲೆ ಶುರುಮಾಡಿ ಟ್ಯಾಂಕಿನ ಕಟ್ಟೆಯ ಮೇಲೆ ಕೂತೆ. ಪೂರ್ವದ ಆಕಾಶದಲ್ಲಿ ಬರಿಗಣ್ಣಿಗೆ ಕಾಣದ, ಪರದೆಯ ಮೇಲೆ ಮಾತ್ರ ಸಾಸಿವೆಯಷ್ಟಾಗಿ ಕಾಣುವ ಆ ನಕ್ಷತ್ರ. ಅದರ ಬೆಳಕಿಗೂ ನಮಗೂ ನಡುವೆ, ನಮ್ಮ ಯಾವ ದೂರದರ್ಶಕಕ್ಕೂ ಕಾಣದಷ್ಟು ಮಂಕಾದ ಒಂದು ಹಿಮದ ಉಂಡೆ ಸರಿದು ಬರುತ್ತಿತ್ತು. ಸೂರ್ಯನನ್ನು ಒಂದು ಸುತ್ತು ಹಾಕಲು ಅದಕ್ಕೆ ನಮ್ಮ ಹಲವು ತಲೆಮಾರು ಬೇಕು. ನಾನು ಇಡೀ ಜನ್ಮ ನೋಡಿದರೂ ಅದರ ಒಂದು ವರ್ಷದ ಒಂದು ಋತುವನ್ನೂ ಪೂರ್ತಿ ನೋಡುವುದಿಲ್ಲ. ಮೊದಲು ಈ ವಿಚಾರ ಬಂದರೆ ಮೈ ಜುಮ್ಮೆನ್ನುತ್ತಿತ್ತು. ಅವತ್ತು ಕಾಲು ಚಾಚಿಕೊಳ್ಳಬೇಕು ಅನ್ನಿಸಿತು.

ನಿರೀಕ್ಷೆಯ ಹೊತ್ತು ಬಂತು. ನಕ್ಷತ್ರ ಇದ್ದ ಹಾಗೇ ಇತ್ತು. ಕೆಳಗೆ ಟ್ರಾಲಿಯೊಂದು ಬಂತು, ಹಾಡು, ಅದುರು, ಚಿತ್ರ ಹಾರಿತು. ಅದರ ನಡುವೆಯೇ ಆ ಸಾಸಿವೆ ಮಂಕಾಗಿ, ಇಲ್ಲವಾಗಿ, ನಾನು ಮುಂದಕ್ಕೆ ಬಾಗುವಷ್ಟರಲ್ಲಿ ಮತ್ತೆ ಬಂದುಬಿಟ್ಟಿತು. ನಡುಗೆರೆಯ ಮೇಲೆ ಇರುವವರಿಗೆ ಅದು ಎಷ್ಟೋ ಹೆಚ್ಚು ಹೊತ್ತು ಆರಿರಬೇಕಿತ್ತು. ನನಗೆ ಕಂಡದ್ದು ಕಣ್ಣು ಮಿಟುಕಿಸಿದಷ್ಟು. ಅದು ನೆರಳೋ, ಟ್ರಾಲಿ ಎಬ್ಬಿಸಿದ ಧೂಳೋ, ಅದುರುವಿಕೆಗೆ ಬೆಳಕು ಚದುರಿತೋ ಹೇಳುವಂತಿರಲಿಲ್ಲ. ನಾನು ದಾಖಲೆ ಮುಗಿಯುವವರೆಗೂ ಕೂತಿದ್ದೆ. ಮತ್ತೆ ಅದೇ ಆಯಿತು ಅಂದುಕೊಂಡೆ. ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಅಕ್ಕನಿಗೆ ಫೋನು ಮಾಡಿದರೆ ಎತ್ತಿದವರು ಭಾವ.

"ನಿಮ್ಮಕ್ಕ ಅಳಾಕತ್ತಾಳ್ರಿ" ಅಂದರು. ಅವರು ಸಂಜೆಯಿಂದ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ಒಳಗೆ ಪೂಜೆ ನಡೆದಿದೆ ಎಂದು ಹೇಳಿ ಕಳಿಸಿದ್ದರಂತೆ.

ಅಕ್ಕ ಫೋನು ತೆಗೆದುಕೊಂಡಳು. "ಆರಲೇ ಇಲ್ಲ ತಂಗಿ. ರೆಪ್ಪಿ ಬಡೀಲಾರದ ನೋಡೀನಿ. ನಿಂತಲ್ಲೇ ನಿಂತಿತ್ತು. ನನ್ನ ಕಡೀಂದ ಏನೋ ತಪ್ಪಾಗ್ಯದ."

"ಚುಕ್ಕಿ ಅದೇ ಹೌದಿಲ್ಲ?"

"ಎತ್ತಿನ ಬಾಲದ ಹಂತೇಲಿದ್ದದ್ದು. ಅದೇ."

"ಹಂಗಾದ್ರ ನಿನ್ನ ತಪ್ಪಿಲ್ಲ. ದಾಖಲೆ ಅಳಿಸಬ್ಯಾಡ. ಏನೂ ಮುಟ್ಟಬ್ಯಾಡ."

"ಏನೂ ಆಗದ್ದು ಇಟ್ಟು ಏನ್ ಮಾಡ್ತಿ?" ಎಂದು ಮೂಗು ಸೇದಿಕೊಂಡು ಇಟ್ಟುಬಿಟ್ಟಳು.

ತಾಂಡೂರಿನ ಫೋನು ಅಷ್ಟರಲ್ಲೇ ಬರುತ್ತಿತ್ತು. ವಿದ್ಯಾರ್ಥಿನಿ ಒಂದೇ ಉಸಿರಿಗೆ ಹೇಳಿದಳು. "ಹೋತ್ರೀ ಮೇಡಂ! ಪೂರಾ ಹೋತ್ರಿ! ನಾ ಅಂದೆ ಬಿಡು, ಕ್ಯಾಮೆರಾ ಬಂದ್ ಆತು ಅಂತ. ಬಾಜೂಕಿನ ಚುಕ್ಕಿ ಎಲ್ಲಾ ಇದ್ವು, ಅದೊಂದೇ ಇಲ್ಲ. ಆಮ್ಯಾಲ ಒಮ್ಮೆಗೇ ಬಂತ್ರಿ!"

"ಎಷ್ಟು ಹೊತ್ತು?"

"ಭಾಳ ಹೊತ್ತು ಆರಿತ್ತ್ರಿ. ಎಣಸೂದ ಮರತೆ ಮೇಡಂ. ದಾಖಲೆ ಕಳಸ್ತೀನ್ರಿ."

ಟ್ಯಾಂಕಿನ ಕಟ್ಟೆಯ ಮೇಲೆ ಕೂತೇ ನಾನು ಮೂರನ್ನೂ ಜೋಡಿಸಿದೆ. ತಾಂಡೂರಿನಲ್ಲಿ ಪೂರ್ತಿ ಆರಿದೆ. ಜಹೀರಾಬಾದಿನಲ್ಲಿ ಮಿಟುಕಿದೆ. ನಾರಾಯಣಖೇಡದಲ್ಲಿ ಆರಿಲ್ಲ. ಅಂದರೆ ನೆರಳು ಲೆಕ್ಕಕ್ಕಿಂತ ದಕ್ಷಿಣಕ್ಕೆ ಸರಿದಿದೆ. ಅದರ ಅಂಚು ನಾನು ಕೂತ ಈ ಲಾಡ್ಜಿಗೂ ಅಕ್ಕನ ಅಂಗಳಕ್ಕೂ ನಡುವೆ ಎಲ್ಲೋ ಹಾದುಹೋಗಿದೆ. ನನ್ನ ಮಿಟುಕು ಧೂಳಲ್ಲದಿದ್ದರೆ, ನಾವು ಆ ಲೋಕದ ಕಟ್ಟಂಚನ್ನೇ ಹಿಡಿದಿದ್ದೆವು. ಎಷ್ಟೋ ದೊಡ್ಡ ತಂಡಗಳಿಗೆ ಸಿಗದ್ದು ಅದು. ಮ್ಯಾನೇಜರ್ ಮೇಲೆ ಬಂದು "ಕೆಲಸ ಆತೇನ್ರಿ ಮೇಡಂ, ಬೋರ್ಡ್ ಹಚ್ಚಲೇನು?" ಅಂದ. "ಹಚ್ಚಪ್ಪ" ಅಂದೆ.

ಮರುದಿನ ಬೆಳಗಿನ ಬಸ್ಸಿಗೆ ನಾರಾಯಣಖೇಡಕ್ಕೆ ಹೋದೆ. ಅಕ್ಕ ದೂರದರ್ಶಕವನ್ನು ಆಗಲೇ ಹತ್ತಿಯ ಸೀರೆಯಲ್ಲಿ ಸುತ್ತಿ ಗೋಡೆಗೆ ಆನಿಸಿದ್ದಳು. ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ನಾನು ಉಣ್ಣುತ್ತ, ನಿನ್ನ ಕಡೆ ನಕ್ಷತ್ರ ಆರದಿದ್ದದ್ದೇ ಬಹಳ ಮುಖ್ಯವಾಯಿತು ಎಂದೆ.

"ಎಲ್ಲಾರಿಗೂ ಪಾಸ್ ಮಾಡೋ ಮಾಸ್ತರ ಹಂಗ ಮಾತಾಡಬ್ಯಾಡ" ಅಂದಳು. "ಇಂಥಾ ಸಮಾಧಾನ ನಾನೂ ಭಾಳ ಹುಡುಗರಿಗೆ ಹೇಳೀನಿ."

"ಸಮಾಧಾನ ಅಲ್ಲ. ಕೇಳು. ಕಲ್ಹೇರ್ ಕಡೆ ಹೊಲ ಅಳಿಯೋವಾಗ ಏನ್ ಮಾಡ್ತಾರ? ಒಬ್ಬ ಹೊಲದಾಗ ನಿಂತು 'ಇದು ನಂದು' ಅಂದ್ರ ಸಾಕೇನು? ಹೊಲ ಎಲ್ಲೀತನಕ ಅದ ಅಂತ ಅದರಿಂದ ಗೊತ್ತಾಗಂಗಿಲ್ಲ. ಆಚೀ ಕಡೆ ಇನ್ನೊಬ್ಬ ನಿಂತು 'ಇಲ್ಲಿ ನಿಂದಲ್ಲ' ಅನ್ನಬೇಕು. ಆಗ ಬದು ಇಬ್ಬರ ನಡುವೇ ಅದ ಅಂತ ಆತಿಲ್ಲ?"

ಅವಳು ಒಲೆಯ ಕಡೆ ತಿರುಗಿ ರೊಟ್ಟಿ ಮಗುಚಿದಳು. ಬೆನ್ನು ಹಾಕಿಕೊಂಡೇ ಕೇಳಿದಳು.

"ನಾ ಕೂಡಲಾರದ ಇದ್ರ?"

"ಆ ಲೋಕ ಇನ್ನೂ ದೊಡ್ಡದದ ಅಂತ ತಿಳ್ಕೋತಿದ್ವಿ. ನಾರಾಯಣಖೇಡ ದಾಟಿ ಇನ್ನೂ ಮುಂದ ತನಕ ಅದರ ನೆರಳು ಅದ ಅಂತ ಬರದ್ರೂ ಇಲ್ಲ ಅನ್ನೋರು ಯಾರೂ ಇರ್ತಿದ್ದಿಲ್ಲ."

"ಹಂಗಾದ್ರ ಸುಳ್ಳು ಬರೀತಿದ್ರಿ."

"ಗೊತ್ತಿಲ್ಲದ ಬರೀತಿದ್ವಿ."

"ಎರಡೂ ಒಂದೇ" ಅಂದಳು. ಆದರೆ ಇನ್ನೊಂದು ರೊಟ್ಟಿ ಹಾಕುವಾಗ ಮುಖ ಸಡಿಲವಾಗಿತ್ತು.

ಆಮೇಲಿನ ತಿಂಗಳುಗಳು ಲೆಕ್ಕದವು. ವಿದ್ಯಾರ್ಥಿನಿ ರಜೆ ಬಂದಾಗಲೆಲ್ಲ ತಾಂಡೂರಿನಿಂದ ಬಂದು ನನ್ನ ಕೋಣೆಯಲ್ಲಿ ಕೂರುತ್ತಿದ್ದಳು. ಜಹೀರಾಬಾದಿನ ದಾಖಲೆಯಿಂದ ಟ್ರಾಲಿಯ ಅದುರುವಿಕೆಯನ್ನು ಬೇರ್ಪಡಿಸಿದವಳು ಅವಳೇ. ಅದುರಿದಾಗ ಎಲ್ಲ ನಕ್ಷತ್ರಗಳೂ ಒಟ್ಟಿಗೆ ಕುಣಿಯುತ್ತವೆ, ಧೂಳು ಬಂದರೆ ಎಲ್ಲವೂ ಒಟ್ಟಿಗೆ ಮಂಕಾಗುತ್ತವೆ. ಆ ಒಂದು ಮಿಟುಕಿನಲ್ಲಿ ನಮ್ಮ ನಕ್ಷತ್ರ ಮಾತ್ರ ಹೋಗಿ, ಉಳಿದವು ಇದ್ದವು. ನೆರಳೇ ಅದು. ಗಾತ್ರ ಸಿಕ್ಕಿತು. ಎಲ್ಲರೂ ನಂಬಿದ್ದಕ್ಕಿಂತ ಆ ಲೋಕ ಚಿಕ್ಕದಿತ್ತು. ಚಿಕ್ಕದಾಗಿಯೂ ಜಗತ್ತಿನ ದೊಡ್ಡ ದೂರದರ್ಶಕಗಳಿಗೆ ಅಷ್ಟು ಬೆಳಕು ತೋರಿಸಬೇಕೆಂದರೆ ಅದರ ಮೈ ಬಹಳ ಬೆಳ್ಳಗಿರಬೇಕು, ಮೇಲಿನ ಹಿಮ ಮಸಿ ಹಿಡಿಯದೆ ಉಳಿದಿರಬೇಕು. ಅಷ್ಟು ಹಳೆಯ ಜಾಗದಲ್ಲಿ, ಏನೂ ನಡೆಯದ ಚಳಿಯಲ್ಲಿ, ಹಿಮ ಹೇಗೆ ಹೊಸದಾಗಿ ಉಳಿಯಿತು? ಒಳ್ಳೆಯ ಪ್ರಶ್ನೆ. ವಿದ್ಯಾರ್ಥಿನಿ ಆ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಕೋಣೆಯಲ್ಲೆಲ್ಲ ಓಡಾಡಿದಳು. ಅವಳನ್ನು ನೋಡುತ್ತ ನನಗೂ ಸಂತೋಷವಾಯಿತು. ಆದರೆ ಅದು ಬೇರೆಯವರ ಮನೆಯ ಮದುವೆಯಲ್ಲಿ ಆಗುವ ಸಂತೋಷ. ದಣಿವು ಹೋಗಲಿಲ್ಲ. ಹೋಗಬಹುದೆಂದು ಒಳಗೊಳಗೇ ಕಾದಿದ್ದೆನೋ ಏನೋ, ಹೋಗಲಿಲ್ಲವೆಂದು ಗೊತ್ತಾದಾಗ ಒಂಥರಾ ನಿರಾಳವೂ ಆಯಿತು. ಆ ಪ್ರಶ್ನೆ ಇನ್ನು ಅವಳದು ಎಂದು ಅವಳಿಗೇ ಹೇಳಿದೆ.

ಲೇಖನ ಬರೆದು ಕಳಿಸಿದಾಗ ಪತ್ರಿಕೆಯವರು ನೇಮಿಸಿದ ವಿಮರ್ಶಕರೊಬ್ಬರು ಒಂದು ಆಕ್ಷೇಪ ಎತ್ತಿದರು. ನಾರಾಯಣಖೇಡದ ವೀಕ್ಷಕರಿಗೆ ಈ ಕೆಲಸದಲ್ಲಿ ಹಿಂದಿನ ಅನುಭವವಿಲ್ಲ. ಅವರು ಸರಿಯಾದ ನಕ್ಷತ್ರವನ್ನೇ ನೋಡಿದರೆಂದು ಏನು ಖಾತ್ರಿ? ಕೇಳಬೇಕಾದ ಪ್ರಶ್ನೆಯೇ. ಅಕ್ಕನಿಗೆ ಓದಿ ಹೇಳಿದೆ. ಫೋನಿನಲ್ಲೂ ಅವಳ ಧ್ವನಿ ಶಾಲೆಯ ಅಂಗಳದ ಧ್ವನಿಯಾಯಿತು.

"ಜನ್ಮೆಲ್ಲಾ ಹಾಜರಿ ತಗೊಂಡಾಕಿ ನಾ. ಯಾರು ಕುಂತಾರ, ಯಾರು ಕುಂತಿಲ್ಲ ನನಗ ಗೊತ್ತಾಗಂಗಿಲ್ಲೇನು? ಬರಿ ಅವರಿಗೆ."

ಅದನ್ನೇ ಬರೆಯಲಾಗಲಿಲ್ಲ. ಅವಳ ದಾಖಲೆಯನ್ನೇ ಪೂರ್ತಿ ಕಳಿಸಿದೆವು. ನೊಗ, ಎತ್ತು, ಬಾಲ ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಶುರುವಿನಿಂದ ಕೊನೆಯವರೆಗೆ ಒಂದು ಸಲವೂ ಚಿತ್ರ ಅಲುಗಿರಲಿಲ್ಲ. ಮೂರರಲ್ಲಿ ಅದೇ ಅತ್ಯಂತ ಸ್ವಚ್ಛವಾದ ದಾಖಲೆ ಎಂದು ಆ ವಿಮರ್ಶಕರೇ ಒಪ್ಪಿ ಬರೆದರು. ಲೇಖಕರ ಹೆಸರಿನ ಕೆಳಗೆ ಅವರವರ ಸಂಸ್ಥೆ ಬರೆಯಬೇಕು. ಅಕ್ಕನಿಗೆ ಏನು ಬರೆಯುವುದೆಂದು ಪತ್ರಿಕೆಯವರು ಕೇಳಿದರು. ಮೊದಲು ತನ್ನ ಹೆಸರೇ ಬೇಡವೆಂದಳು, ಜನ ನಗುತ್ತಾರೆಂದಳು. ಎರಡು ದಿನ ಬಿಟ್ಟು ತಾನೇ ಫೋನು ಮಾಡಿ, ಹಾಕುವುದಾದರೆ "ಸ್ವಂತ ಮನೆ, ನಾರಾಯಣಖೇಡ" ಎಂದು ಹಾಕು ಅಂದಳು. ಹಾಗೆಯೇ ಅಚ್ಚಾಯಿತು.

ಲೇಖನ ಬಂದ ಹೊತ್ತಿಗೆ ನನ್ನ ನಿವೃತ್ತಿಯೂ ಆಗಿತ್ತು. ಸಂಸ್ಥೆಯವರು ಶಾಲು ಹೊದಿಸಿದರು. ನಾನು ಚಿಕ್ಕ ಭಾಷಣ ಮಾಡಿದೆ. ಮನೆಗೆ ಬಂದು ಶಾಲು ಮಡಿಸಿ ಇಟ್ಟು, ಮಾರನೆಯ ವಾರ ನಾರಾಯಣಖೇಡಕ್ಕೆ ಹೋದೆ. ಅಚ್ಚಾದ ಹಾಳೆಗಳನ್ನು ಅಕ್ಕನ ಕೈಗೆ ಕೊಟ್ಟೆ. ಇಂಗ್ಲಿಷಿನ ಆ ಪುಟದಲ್ಲಿ ತನ್ನ ಹೆಸರನ್ನು ಬೆರಳಿಟ್ಟು ಹುಡುಕಿ, ಗಟ್ಟಿಯಾಗಿ ಓದಿ, ಭಾವನಿಗೆ ತೋರಿಸಿದಳು. ಭಾವ ಬಹಳ ಹೊತ್ತು ನೋಡಿ, "ಗೇಟಿನಾಗ ಕುಂತವಂದು ಹಾಕಿಲ್ಲಲ್ಲ" ಅಂದರು. ಮೂವರೂ ನಕ್ಕೆವು.

ಊಟವಾದ ಮೇಲೆ ಪಡಸಾಲೆಯ ಹೊರಸಿನ ಮೇಲೆ ಸುಮ್ಮನೆ ಅಡ್ಡಾದೆ. ಹೊರಗೆ ಯಾರೋ ಬೇಳೆ ಚೀಲ ಇಳಿಸುವ ಸದ್ದು ಕೇಳುತ್ತಿತ್ತು. ಯಾವಾಗ ನಿದ್ದೆ ಬಂತೋ ತಿಳಿಯಲಿಲ್ಲ. ಎಚ್ಚರವಾದಾಗ ಬಿಸಿಲು ಅಂಗಳದಿಂದ ಗೋಡೆಗೆ ಹತ್ತಿತ್ತು. ಮೈಮೇಲೆ ಯಾರೋ ಚಾದರ ಹೊದಿಸಿದ್ದರು. ಏಳಬೇಕು, ಏನೋ ಕೆಲಸವಿದೆ ಎಂದು ಗಾಬರಿಯಲ್ಲಿ ಅರ್ಧ ಎದ್ದು ಕೂತೆ. ಏನೂ ನೆನಪಾಗಲಿಲ್ಲ. ಏನೂ ಇರಲಿಲ್ಲ.

"ಚಹಾ ಇಡ್ಲೇನು?" ಒಳಗಿನಿಂದ ಅಕ್ಕ ಕೇಳಿದಳು.

"ಇನ್ನೂ ಜರಾ ಹೊತ್ತು ಬಿಡು" ಅಂದು ಮತ್ತೆ ಮಲಗಿದೆ.